ಮಾನಸಗಂಗೋತ್ರಿ ಕಟ್ಟಿದ ಕಾಲ, ಈಗಿನ ಮೇಷ್ಟ್ರುಗಳ ಪಾಡು: ಗೊತ್ತಿದ್ದವರು ಬರೆಯಿರಿ

ಗಂಗೋತ್ರಿ ಹಳಬ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದಿದವನು. ಮಗಳನ್ನು ಪಿ.ಜಿ.ಗೆ ಸೇರಿಸುವ ಮಾತು ಬಂದಾಗ ರಾಜ್ಯದ ಮೂರು ನಾಲ್ಕು ವಿಶ್ವವಿದ್ಯಾಲಯಗಳ ಬಗ್ಗೆ ವಿಚಾರಿಸಿದೆ. ಎಲ್ಲ ಕಡೆ ಒಂದೇ ಉತ್ತರ ಬಂತು. ಕಟ್ಟಡ ಇದೆ, ಲೈಬ್ರರಿ ಇದೆ, ಹಾಸ್ಟೆಲ್ ಇದೆ, ಕಾಯಂ ಮೇಷ್ಟ್ರು ಒಬ್ಬರೋ ಇಬ್ಬರೋ, ಉಳಿದವರೆಲ್ಲ ಅತಿಥಿಗಳು, ಅಂದರೆ ತಾತ್ಕಾಲಿಕ ಉಪನ್ಯಾಸಕರು. ಅದಕ್ಕೇ ಈ ಚರ್ಚೆ ಶುರು ಮಾಡಿದ್ದೇನೆ.

ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಆಗ ದೇಶದಲ್ಲಿ ವಿಶ್ವವಿದ್ಯಾಲಯ ಅಂದರೆ ಬ್ರಿಟಿಷರ ಆಡಳಿತ ಇದ್ದ ಕಡೆ ಮಾತ್ರ. ಒಂದು ದೇಶೀ ಸಂಸ್ಥಾನ ಸ್ವಂತ ವಿಶ್ವವಿದ್ಯಾಲಯ ಮಾಡಿಕೊಂಡಿದ್ದು ಅದೇ ಮೊದಲು. ಶುರುವಿನಲ್ಲಿ ಇದ್ದದ್ದು ಮುಖ್ಯವಾಗಿ ಎರಡು ಕಾಲೇಜು, ಮೈಸೂರಿನ ಮಹಾರಾಜ ಮತ್ತು ಬೆಂಗಳೂರಿನ ಸೆಂಟ್ರಲ್. ಕಟ್ಟಡಕ್ಕಿಂತ ಮೊದಲು ಜನರನ್ನು ಹುಡುಕಿದರು ಅನ್ನೋದು ನನಗೆ ದೊಡ್ಡ ವಿಷಯ. ರಾಧಾಕೃಷ್ಣನ್ 1918ರಲ್ಲಿ ತತ್ವಶಾಸ್ತ್ರ ಪಾಠ ಮಾಡಲು ಬಂದಾಗ ಅವರಿಗೆ ಮೂವತ್ತು ವಯಸ್ಸು. ಆಮೇಲೆ ಬ್ರಜೇಂದ್ರನಾಥ ಸೀಲ್ ಬಂಗಾಳದಿಂದ ಬಂದು ಕುಲಪತಿಯಾದರು. ಕುವೆಂಪು 1956ರಿಂದ 1960ರವರೆಗೆ ಕುಲಪತಿಯಾಗಿದ್ದಾಗ ಸ್ನಾತಕೋತ್ತರ ವಿಭಾಗಗಳಿಗೆ ಬೇರೆಯೇ ಜಾಗ ಬೇಕು ಅಂತ ಮಾನಸಗಂಗೋತ್ರಿಯ ಯೋಜನೆ ಮಾಡಿದರು.

ಇಷ್ಟೆಲ್ಲ ಮಾಡಿದ ನಾಡಿನಲ್ಲಿ ಮೇಷ್ಟ್ರ ಕುರ್ಚಿ ಹೇಗೆ ಖಾಲಿಯಾಯಿತು? ಒಳಗೆ ಇರುವವರು ಹೇಳಿ. ಹೆಸರು ಬೇಡ, ವಿಷಯ ಹೇಳಿದರೆ ಸಾಕು.

ಕೆರೆ ಏರಿ

ಹಳಬರೇ, ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಕ್ಯಾಂಪಸ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವ ಎಷ್ಟೋ ಜನಕ್ಕೆ ಅದು ವಿಶ್ವವಿದ್ಯಾಲಯದ್ದು ಅಂತಲೇ ಗೊತ್ತಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು. ಜಯಲಕ್ಷ್ಮಿ ವಿಲಾಸ 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗೆ ಕಟ್ಟಿಸಿದ ಅರಮನೆ. ಅದನ್ನು ವಿಶ್ವವಿದ್ಯಾಲಯ ಕೊಂಡುಕೊಂಡಿತು, ಆಮೇಲೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂತು. ತೊಗಲುಗೊಂಬೆ, ಯಕ್ಷಗಾನದ ವೇಷ, ಹಳ್ಳಿ ಮನೆಗಳ ಪಾತ್ರೆ ಪಗಡ, ಇವನ್ನೆಲ್ಲ ಊರೂರು ಅಲೆದು ತಂದಿಟ್ಟವರು ಮೇಷ್ಟ್ರುಗಳು ಮತ್ತು ಅವರ ವಿದ್ಯಾರ್ಥಿಗಳು.

ಓರಿಯಂಟಲ್ ಲೈಬ್ರರಿ ಇನ್ನೂ ಹಳೆಯದು, 1891ರದ್ದು. ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ್ದು ಅಲ್ಲೇ, 1905ರಲ್ಲಿ. ಅಚ್ಚಾಗಿದ್ದು 1909ರಲ್ಲಿ. ನಡುವೆ ನಾಲ್ಕು ವರ್ಷ! ಗ್ರಂಥ ಲಿಪಿ ಓದಿ, ಪಾಠ ಸರಿಮಾಡಿ, ಸಂಪಾದಿಸಿ ಕೊಡುವುದಕ್ಕೆ ಅಷ್ಟು ಕಾಲ ಬೇಕು. 1946ರಲ್ಲಿ ಬಂದ ಇಂಗ್ಲಿಷ್-ಕನ್ನಡ ನಿಘಂಟಿನ ಹಿಂದೆಯೂ ವರ್ಷಗಟ್ಟಲೆ ಕೂತ ವಿದ್ವಾಂಸರಿದ್ದಾರೆ. ಕನ್ನಡ ಅಧ್ಯಯನ ಸಂಸ್ಥೆ 1966ರಲ್ಲಿ ಶುರುವಾದ ಮೇಲೆ 14 ಸಂಪುಟದ ಕನ್ನಡ ವಿಶ್ವಕೋಶ, ಶಾಸನಗಳ ಪರಿಷ್ಕೃತ ಸಂಪುಟಗಳು ಬಂದವು. ಎರಡು ಮೂರು ದಶಕ ಬೇಡುವ ಕೆಲಸಗಳು ಇವು. ಹತ್ತು ತಿಂಗಳ ಆದೇಶದ ಮೇಲೆ ಕೆಲಸ ಮಾಡುವವರಿಂದ ಇದನ್ನು ಕೇಳುವುದು ನ್ಯಾಯವಲ್ಲ. ಅವರಿಗೆ ಆಸಕ್ತಿ ಇರುತ್ತದೆ, ಓದು ಇರುತ್ತದೆ. ಮುಂದಿನ ವರ್ಷ ಇದೇ ಮೇಜಿನ ಮುಂದೆ ಇರುತ್ತೇವೆ ಅನ್ನುವ ಭರವಸೆ ಇರುವುದಿಲ್ಲ.

ಮೊದಲ ತಲೆಮಾರು

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಹಿಂದೆ ಎಲ್ಲ ಚೆನ್ನಾಗಿತ್ತು ಅನ್ನುವ ಧಾಟಿಗೆ ನಾನು ಒಪ್ಪುವುದಿಲ್ಲ. ಆಗಿನ ತರಗತಿಯಲ್ಲಿ ಯಾರು ಕೂತಿದ್ದರು ಅಂತಲೂ ನೋಡಬೇಕು ಅಲ್ವಾ? ಸರ್ಕಾರಿ ನೌಕರಿ ಎಲ್ಲ ಒಂದೇ ಸಮುದಾಯದ ಕೈಲಿದೆ ಅಂತ ಕೂಗು ಎದ್ದು ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ಮಾಡಬೇಕಾಯಿತು. ಅಂದರೆ ವಿಶ್ವವಿದ್ಯಾಲಯ ಹುಟ್ಟಿದ ಎರಡೇ ವರ್ಷಕ್ಕೆ. ನಮ್ಮಂಥ ಮನೆಗಳಿಂದ ಮಕ್ಕಳು ಗುಂಪು ಗುಂಪಾಗಿ ಕ್ಯಾಂಪಸ್ಸಿಗೆ ಬಂದಿದ್ದು ಹಾಸ್ಟೆಲ್‌ಗಳು, ಮೀಸಲಾತಿ, ಸ್ಕಾಲರ್‌ಶಿಪ್ ಬಂದಮೇಲೆ. ನಮ್ಮಪ್ಪ ಸಹಿ ಮಾಡಲು ಕಲಿತದ್ದೇ ನಾನು ಹೈಸ್ಕೂಲಿಗೆ ಹೋದಮೇಲೆ.

ನನಗೆ ಸಂಕಟ ಆಗುವುದು ಇಲ್ಲಿ. ನಾವು ಬಾಗಿಲ ಹತ್ತಿರ ಬರುವ ತನಕ ಒಳಗೆ ಕಾಯಂ ಹುದ್ದೆ ಇತ್ತು. ನಾವು ಓದಿ, ನೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಪಾಸು ಮಾಡಿ, ಪಿಎಚ್.ಡಿ. ಮುಗಿಸಿ ನಿಂತಾಗ ಹುದ್ದೆ ಭರ್ತಿಯೇ ನಿಂತು ಹೋಯಿತು. ಬ್ಯಾಕ್‌ಲಾಗ್ ಹುದ್ದೆ (ತುಂಬದೆ ಉಳಿದ ಮೀಸಲು ಹುದ್ದೆ) ಅಂತ ಪತ್ರಿಕೆಯಲ್ಲಿ ಓದುತ್ತಲೇ ನನ್ನ ಜೊತೆಯವರು ನಲವತ್ತು ದಾಟಿದರು. ಖಾಲಿ ಹುದ್ದೆ ಅಂದರೆ ಬರೀ ಪಾಠಕ್ಕೆ ತೊಂದರೆ ಅಂತ ನೋಡಬೇಡಿ. ಇಷ್ಟು ವರ್ಷ ಕಾದು ಬಂದವರಿಗೆ ಸಿಗಬೇಕಾದ ಪಾಲು ಅದು.

ಗಂಗೋತ್ರಿ ಹಳಬ

ನಿಮ್ಮ ಮಾತು ಪೂರ್ತಿ ಸರಿ. ಈ ಕೋನ ಚರ್ಚೆಗೆ ಬೇಕಾಗಿತ್ತು.

ಅತಿಥಿ ಉಪನ್ಯಾಸಕಿ

ನಾನು ಒಳಗಿನವಳು. ಯಾವ ವಿಶ್ವವಿದ್ಯಾಲಯ ಅಂತ ಹೇಳಲ್ಲ, ದಯವಿಟ್ಟು ಕೇಳಬೇಡಿ.

ನಮ್ಮ ವಿಭಾಗದಲ್ಲಿ ಪೇಪರ್‌ಗಳ ದೊಡ್ಡ ಪಾಲು ಮಾಡುವುದು ನಾವು. ಟೈಂಟೇಬಲ್ ಹಾಕುವುದು ನಾವು, ಇಂಟರ್ನಲ್ ಟೆಸ್ಟ್ ನಾವು, ಮಕ್ಕಳು ಪ್ರಾಜೆಕ್ಟ್ ಹಿಡಿದುಕೊಂಡು ಬರುವುದು ನಮ್ಮ ಹತ್ತಿರ. ಸಂಬಳ ಮಾತ್ರ ತಿಂಗಳು ತಿಂಗಳು ಬರಲ್ಲ, ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬರುತ್ತದೆ. ಸೆಮಿಸ್ಟರ್ ಮುಗಿದ ದಿನಕ್ಕೆ ಆದೇಶವೂ ಮುಗಿಯುತ್ತದೆ. ಮತ್ತೆ ಅರ್ಜಿ, ಮತ್ತೆ ಸಂದರ್ಶನ, ಮತ್ತೆ ಅದೇ ಸರ್ಟಿಫಿಕೇಟುಗಳ ಜೆರಾಕ್ಸ್. ಹೆರಿಗೆ ಸಮಯದಲ್ಲಿ ನನಗೆ ರಜೆ ಅಂತ ಏನೂ ಸಿಗಲಿಲ್ಲ, ಕೆಲಸ ಬಿಟ್ಟು ಮುಂದಿನ ವರ್ಷ ಹೊಸಬಳ ಹಾಗೆ ಅರ್ಜಿ ಹಾಕಿಕೊಂಡು ಬಂದೆ. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಬ್ಯಾಂಕಿನಲ್ಲಿ ಸಾಲ ಕೇಳಿದರೆ ಸ್ಯಾಲರಿ ಸ್ಲಿಪ್ ಕೇಳುತ್ತಾರೆ, ನಮಗೆ ಅದೂ ಇಲ್ಲ.

ಇಷ್ಟಿದ್ದರೂ ಪಾಠದಲ್ಲಿ ನಾವು ಕಡಿಮೆ ಮಾಡಿಲ್ಲ. ನನ್ನ ಹತ್ತಿರ ಓದಿದ ಮಕ್ಕಳು ಜೆ.ಆರ್.ಎಫ್. (ಸಂಶೋಧನಾ ಫೆಲೋಶಿಪ್) ತೆಗೆದುಕೊಂಡಿದ್ದಾರೆ. ದುಃಖ ಆಗುವುದು ಸಭೆಗಳಲ್ಲಿ. ಸಿಲಬಸ್ ಬದಲಾಯಿಸುವ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ನಮಗೆ ಕುರ್ಚಿ ಇಲ್ಲ. ಪಾಠ ಮಾಡುವವರು ನಾವು, ಏನು ಪಾಠ ಮಾಡಬೇಕು ಅಂತ ತೀರ್ಮಾನಿಸುವಾಗ ನಾವು ಹೊರಗೆ.

ಎಂ.ಎಸ್ಸಿ. ಎರಡನೇ ವರ್ಷ

ಮೇಡಂ, ನಿಮ್ಮದು ಓದಿ ಬೇಜಾರಾಯಿತು. ನಮ್ಮ ವಿಭಾಗದಲ್ಲೂ ಚೆನ್ನಾಗಿ ಪಾಠ ಮಾಡುವವರು ಅತಿಥಿಗಳೇ. ಒಂದು ಡೌಟ್: ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 50,000 ಕೊಡಬೇಕು ಅಂತ ಹೇಳಿದೆ ಅಂತ ಎಲ್ಲೋ ಓದಿದ್ದೆ. ಅದು ನಿಜವೇ? ನಿಜ ಆದರೆ ಯಾಕೆ ಕೊಡಲ್ಲ?

ನೇಮಕಾತಿ ಕಾಯುವವ

ತಮ್ಮಾ, ನಾನು ಹೇಳುತ್ತೇನೆ. ಯುಜಿಸಿ 2019ರ ಜನವರಿಯಲ್ಲಿ ಮಾರ್ಗಸೂಚಿ ಕಳಿಸಿತು. ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000. "ಹೆಚ್ಚೆಂದರೆ" ಅನ್ನುವುದನ್ನು ಗಮನಿಸು. ಇಷ್ಟಕ್ಕಿಂತ ಕಡಿಮೆ ಕೊಡಬಾರದು ಅನ್ನುವ ಕೆಳಮಿತಿ ಅಲ್ಲಿಲ್ಲ. ಮೇಲಾಗಿ ರಾಜ್ಯದ ವಿಶ್ವವಿದ್ಯಾಲಯದಲ್ಲಿ ದುಡ್ಡು ಕೊಡಬೇಕಾದವರು ಯುಜಿಸಿ ಅಲ್ಲ. ವಿಶ್ವವಿದ್ಯಾಲಯ ತನ್ನ ಆಂತರಿಕ ಸಂಪನ್ಮೂಲದಿಂದ ಕೊಡಬೇಕು. ಅಲ್ಲಿ ದುಡ್ಡು ಕಡಿಮೆ ಆದಾಗ ಮೊದಲು ನಿಲ್ಲುವುದು ಅತಿಥಿಗಳದ್ದು.

ಹೋಲಿಸಿ ನೋಡು. 7ನೇ ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700. ಅದರ ಮೇಲೆ ಡಿ.ಎ., ಎಚ್.ಆರ್.ಎ. ವಾರಕ್ಕೆ 16 ಗಂಟೆ ಪಾಠ. ಅಷ್ಟೇ ಪಾಠ, ಅಷ್ಟೇ ಓದು ಇರುವ ಅತಿಥಿಗೆ ಅದರ ಹತ್ತಿರವೂ ಬರಲ್ಲ. 2018ರ ಯುಜಿಸಿ ನಿಯಮದಲ್ಲಿ ಗುತ್ತಿಗೆ ಶಿಕ್ಷಕರು ಒಟ್ಟು ಹುದ್ದೆಯ ಶೇ. 10 ಮೀರಬಾರದು ಅಂತಲೂ ಇತ್ತು. ಯಾರು ಪಾಲಿಸಿದರು? 2025ರ ಜನವರಿಯ ಕರಡಿನಲ್ಲಿ ಆ ಮಿತಿಯನ್ನೇ ಕೈಬಿಟ್ಟರು. ಕುಲಪತಿ ನೇಮಕದ ವಿಷಯಕ್ಕೆ ರಾಜ್ಯಗಳು ಆ ಕರಡನ್ನು ಜೋರಾಗಿ ವಿರೋಧಿಸಿದವು, ಬೆಂಗಳೂರಿನಲ್ಲೇ ಉನ್ನತ ಶಿಕ್ಷಣ ಸಚಿವರ ಸಮಾವೇಶ ಆಯಿತು. ಗುತ್ತಿಗೆ ಮಿತಿಯ ಬಗ್ಗೆಯೂ ಅಷ್ಟೇ ಜೋರಾಗಿ ಮಾತಾಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2023ರ ಕೊನೆಯಲ್ಲಿ ತರಗತಿ ಬಿಟ್ಟು ಹೋರಾಟಕ್ಕೆ ಕೂತಿದ್ದು ನೆನಪಿರಬೇಕು. ಅದರ ಫಲವಾಗಿ 5,000ದಿಂದ 8,000 ರೂಪಾಯಿ ಹೆಚ್ಚಾಯಿತು, 60 ವರ್ಷಕ್ಕೆ ಬಿಡುವಾಗ 5 ಲಕ್ಷದ ಇಡುಗಂಟು ಅಂತ ಘೋಷಣೆಯೂ ಆಯಿತು. ಸ್ವಲ್ಪವಾದರೂ ಸಿಕ್ಕಿತು. ಆದರೆ ಅದು ಕಾಲೇಜು ಶಿಕ್ಷಣ ಇಲಾಖೆಯವರಿಗೆ. ವಿಶ್ವವಿದ್ಯಾಲಯದ ಅತಿಥಿಗಳು ಒಂದೊಂದು ಕ್ಯಾಂಪಸ್ಸಿನಲ್ಲಿ ಒಂದೊಂದು ದರಕ್ಕೆ ದುಡಿಯುತ್ತಾ ಚದುರಿ ಹೋಗಿದ್ದಾರೆ.

ಅತಿಥಿ ಉಪನ್ಯಾಸಕಿ

ಅಣ್ಣ, ಕಾಯಂ ಮಾಡಿ ಅಂತ ಕೇಳಿದರೆ "ಉಮಾದೇವಿ ಪ್ರಕರಣ" ಅನ್ನುತ್ತಾರೆ. ಅದರ ಬಗ್ಗೆಯೂ ಬರೆಯಿರಿ, ಜನಕ್ಕೆ ಗೊತ್ತಾಗಲಿ.

ನೇಮಕಾತಿ ಕಾಯುವವ

ಅದು 2006ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪು. ನಮ್ಮ ರಾಜ್ಯದ್ದೇ ಪ್ರಕರಣ, ಐದು ನ್ಯಾಯಮೂರ್ತಿಗಳ ಪೀಠ. ಸರಿಯಾದ ಆಯ್ಕೆ ಪ್ರಕ್ರಿಯೆ ಇಲ್ಲದೆ ತಾತ್ಕಾಲಿಕವಾಗಿ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಅಂತ ಅದರ ಸಾರ. ಹಿಂಬಾಗಿಲಿನ ನೇಮಕಾತಿ ತಡೆಯುವುದು ಅದರ ಉದ್ದೇಶ. ಅದೇ ತೀರ್ಪಿನಲ್ಲಿ ಖಾಲಿ ಹುದ್ದೆಗೆ ನಿಯಮದ ಪ್ರಕಾರ ನೇಮಕಾತಿ ಮಾಡಿ ಅಂತಲೂ ಇದೆ. ಸರ್ಕಾರಗಳು ಮೊದಲನೆಯದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡವು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಮಾನ ಕೆಲಸಕ್ಕೆ ಸಮಾನ ವೇತನದ ಪರವಾಗಿ ನಿಂತಿದೆ. ನಮ್ಮ ಕಡೆಯವರು ಅದನ್ನು ಓದಿಕೊಳ್ಳಬೇಕು.

ನಿವೃತ್ತ ಮೇಷ್ಟ್ರು

ನಾನು 62 ತುಂಬಿ ಹೊರಗೆ ಬಂದವನು. ಮಕ್ಕಳೆಲ್ಲ ಬರೆಯುತ್ತಿರುವುದು ಓದಿ ಮನಸ್ಸು ತಡೆಯಲಿಲ್ಲ. ನಮ್ಮ ಕಾಲದಲ್ಲಿ ಒಂದು ವಿಭಾಗದಲ್ಲಿ ಪ್ರೊಫೆಸರ್, ರೀಡರ್, ಲೆಕ್ಚರರ್ ಅಂತ ಮೂರು ಹಂತದಲ್ಲೂ ಜನ ಇರುತ್ತಿದ್ದರು. ಹಿರಿಯರು ನಿವೃತ್ತರಾಗುವ ಹೊತ್ತಿಗೆ ಕಿರಿಯರು ಆ ವಿಷಯದಲ್ಲಿ ಕೈ ಕುದುರಿಸಿಕೊಂಡಿರುತ್ತಿದ್ದರು. ಹಳಗನ್ನಡ, ಶಾಸನ ಓದುವುದು, ಸಸ್ಯಗಳ ವರ್ಗೀಕರಣ, ಇಂಥವು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಜೊತೆಯಲ್ಲಿ ಓಡಾಡಿ ಕಲಿಯಬೇಕು. ನಮ್ಮ ಹರ್ಬೇರಿಯಂನಲ್ಲಿ ಒಣಗಿಸಿಟ್ಟ ಸಸ್ಯಗಳನ್ನು ಗುರುತಿಸುವ ಒಬ್ಬರು ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆ ಹಾಳೆಗಳು ಅಲ್ಲೇ ಇವೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಬಿಡಿಸಿ ನೋಡುವವರಿಲ್ಲ.

ಇನ್ನು ಪಿಂಚಣಿ. ಜೀವಮಾನ ಪಾಠ ಮಾಡಿದ ಮೇಲೆ ತಿಂಗಳ ಮೊದಲ ವಾರ ಬ್ಯಾಂಕಿನ ಮೆಸೇಜು ಬಂತಾ ಅಂತ ಮೊಬೈಲು ನೋಡುತ್ತಾ ಕೂರುವ ಹಾಗಾಗಿದೆ. ನನ್ನ ಜೊತೆಯವರಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿದ್ದಾರೆ. ಅವರಿಗೆ ಒಂದು ತಿಂಗಳು ತಡವಾದರೆ ಏನಾಗುತ್ತದೆ ಅಂತ ವಿಧಾನಸೌಧದಲ್ಲಿ ಕೂತವರು ಯೋಚಿಸಬೇಕು.

ಲೆಕ್ಕಪತ್ರ

ಮೇಷ್ಟ್ರೇ, ನಮಸ್ಕಾರ. ನಾನು ಹಣಕಾಸು ಕಡೆಯ ಕೆಲಸದಲ್ಲಿ ಇದ್ದವನು. ಪಿಂಚಣಿ ವಿಷಯ ಇಡೀ ಚರ್ಚೆಯ ಬೇರು. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ರಾಜ್ಯ ವಿಶ್ವವಿದ್ಯಾಲಯಕ್ಕೆ ದುಡ್ಡು ಬರುವುದು ಎರಡು ದಾರಿಯಲ್ಲಿ. ಒಂದು ಸರ್ಕಾರದ ಅನುದಾನ, ಅದು ಬಹುಪಾಲು ಕಾಯಂ ನೌಕರರ ಸಂಬಳಕ್ಕೆ ಹೋಗುತ್ತದೆ. ಇನ್ನೊಂದು ಸ್ವಂತ ಆದಾಯ. ಅದರಲ್ಲಿ ದೊಡ್ಡದು ಸಂಯೋಜಿತ ಕಾಲೇಜುಗಳ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕ. ಅತಿಥಿಗಳ ಸಂಬಳ, ಕರೆಂಟು, ನೀರು, ರಿಪೇರಿ, ಭದ್ರತೆ ಎಲ್ಲ ಈ ಸ್ವಂತ ಆದಾಯದಿಂದಲೇ ಆಗಬೇಕು. ಪಿಂಚಣಿಗೆ ಸರ್ಕಾರ ಕೊಡುವುದು ಸಾಲದೆ ಬಂದರೆ ಅದನ್ನೂ ಇಲ್ಲಿಂದಲೇ ತುಂಬಿಕೊಳ್ಳಿ ಅನ್ನುತ್ತಾರೆ.

ಈಗ ಚರಿತ್ರೆ ನೋಡಿ. ಮೈಸೂರು ವಿಶ್ವವಿದ್ಯಾಲಯದಿಂದ 1964ರಲ್ಲಿ ಬೆಂಗಳೂರು ಬೇರೆಯಾಯಿತು. 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ. ಅಂಚೆ ತೆರಪಿನ ಶಿಕ್ಷಣ ಒಳ್ಳೆ ಆದಾಯದ ಮೂಲ, ಅದು 1996ರಲ್ಲಿ ಮುಕ್ತ ವಿಶ್ವವಿದ್ಯಾಲಯವಾಗಿ ಹೋಯಿತು. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರ. ಪ್ರತಿ ಸಲವೂ ಕಾಲೇಜುಗಳು ಹೋದವು, ಅವುಗಳ ಜೊತೆ ಶುಲ್ಕವೂ ಹೋಯಿತು. ನಿವೃತ್ತರಾದವರು ಮಾತ್ರ ತಾಯಿ ಮನೆಯಲ್ಲೇ ಉಳಿದರು. ಆಸ್ತಿ ಪಾಲಾಗುವಾಗ ಗದ್ದೆಯೆಲ್ಲ ಮಕ್ಕಳಿಗೆ ಹಂಚಿ, ಸಾಲ ಮಾತ್ರ ಹಿರಿಯರ ಹೆಸರಲ್ಲಿ ಬಿಟ್ಟ ಹಾಗೆ ಆಯಿತು. ಹಳೆ ವಿಶ್ವವಿದ್ಯಾಲಯಗಳೇ ಜಾಸ್ತಿ ಕಷ್ಟದಲ್ಲಿರುವುದಕ್ಕೆ ಕಾರಣ ಇದು. ಆಡಳಿತದ ತಪ್ಪು ಇಲ್ಲ ಅಂತ ಹೇಳುತ್ತಿಲ್ಲ. ಬೇಡದ ಕಟ್ಟಡ, ಬೇಡದ ಖರೀದಿ ಎಲ್ಲ ಕಡೆಯೂ ನಡೆದಿದೆ. ಆದರೆ ಎಷ್ಟೇ ಪ್ರಾಮಾಣಿಕ ಕುಲಪತಿ ಬಂದರೂ ಈ ಲೆಕ್ಕ ಕೂಡಿ ಬರುವುದಿಲ್ಲ. ಪಿಂಚಣಿಯನ್ನು ರಾಜ್ಯದ ಖಜಾನೆಯೇ ಪೂರ್ತಿ ವಹಿಸಿಕೊಳ್ಳಬೇಕು. ಅದಾಗದೆ ಉಳಿದ ಸುಧಾರಣೆ ಮಾತು ನಿಲ್ಲುವುದಿಲ್ಲ.

2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಎನ್.ಪಿ.ಎಸ್., ಅಂದರೆ ನೌಕರರೂ ಸಂಬಳದಿಂದ ಪಾಲು ಕಟ್ಟುವ ಹೊಸ ಪಿಂಚಣಿ. ಆದ್ದರಿಂದ ಹಳೆ ಪಿಂಚಣಿಯ ಹೊರೆ ಮುಂದೆ ಒಂದು ದಿನ ಇಳಿಯುತ್ತದೆ. ಆ ದಿನದ ತನಕ ವಿಭಾಗಗಳು ಉಳಿಯಬೇಕಲ್ಲ.

ಹಾಸನದ ಹುಡುಗಿ

ಹೊಸ ವಿಶ್ವವಿದ್ಯಾಲಯಗಳಿಂದಲೇ ಎಲ್ಲ ಹಾಳಾಯಿತು ಅನ್ನುವ ಹಾಗೆ ಕಾಣುತ್ತಿದೆ. ನನ್ನ ಕಡೆಯಿಂದಲೂ ಕೇಳಿ. ಹೇಮಗಂಗೋತ್ರಿ ಮೊದಲು ಮೈಸೂರಿನ ಸ್ನಾತಕೋತ್ತರ ಕೇಂದ್ರ ಆಗಿತ್ತು, ಈಗ ಹಾಸನ ವಿಶ್ವವಿದ್ಯಾಲಯ. ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು. ಮೈಸೂರಿಗೆ ಕಳಿಸಿ ಅಂದಿದ್ದರೆ ನಮ್ಮ ಮನೆಯಲ್ಲಿ ಖಂಡಿತ ಒಪ್ಪುತ್ತಿರಲಿಲ್ಲ. ನನ್ನ ತರಗತಿಯಲ್ಲಿ ಹುಡುಗಿಯರೇ ಜಾಸ್ತಿ, ಎಲ್ಲರದ್ದೂ ಇದೇ ಕಥೆ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ 9 ವಿಶ್ವವಿದ್ಯಾಲಯ ಮುಚ್ಚಬೇಕು ಅಂದಾಗ ನಾವು ಎಷ್ಟು ಹೆದರಿದೆವು ಗೊತ್ತಾ? ಶುರು ಮಾಡುವಾಗ ಜಾಗ, ಹುದ್ದೆ, ದುಡ್ಡು ಕೊಡದೆ, ಆಮೇಲೆ ಜಾಗ ಇಲ್ಲ ಹುದ್ದೆ ಇಲ್ಲ ಅಂತ ಮುಚ್ಚುವುದು ಯಾವ ನ್ಯಾಯ?

ಲೆಕ್ಕಪತ್ರ

ತಂಗಿ, ನಿನ್ನ ಮಾತಿಗೆ ನನ್ನ ವಿರೋಧ ಇಲ್ಲ. ಕೇಂದ್ರ ಉಳಿಯಲೇಬೇಕು. ನನ್ನ ಪ್ರಶ್ನೆ, ಅದಕ್ಕೆ ಬೇರೆ ಕುಲಪತಿ, ಇಬ್ಬರು ಕುಲಸಚಿವರು, ಹಣಕಾಸು ಅಧಿಕಾರಿ, ಕಾರು, ಕಚೇರಿ ಎಲ್ಲ ಬೇಕಿತ್ತಾ? ಅಷ್ಟೇ ದುಡ್ಡಿಗೆ ಹೇಮಗಂಗೋತ್ರಿಯಲ್ಲಿ ಕಾಯಂ ಮೇಷ್ಟ್ರನ್ನು ಕೊಟ್ಟಿದ್ದರೆ ನಿಮಗೆ ಜಾಸ್ತಿ ಉಪಯೋಗ ಆಗುತ್ತಿತ್ತು.

ಹಾಸನದ ಹುಡುಗಿ

ಕೊಡುತ್ತಿದ್ದರಾ ಸರ್? ಕೇಂದ್ರವಾಗಿ ಇದ್ದಷ್ಟು ವರ್ಷವೂ ಅತಿಥಿಗಳೇ ಪಾಠ ಮಾಡಿದ್ದು ಅಂತ ನಮ್ಮ ಸೀನಿಯರ್‌ಗಳು ಹೇಳುತ್ತಾರೆ. ವಿಶ್ವವಿದ್ಯಾಲಯ ಅಂತ ಬೋರ್ಡು ಬಂದಮೇಲೆ ಕನಿಷ್ಠ ಕೇಳುವುದಕ್ಕೆ ಒಂದು ದಾರಿ ಆಯಿತು.

ಧಾರವಾಡ ಮಂದಿ

ಮೈಸೂರಿನದ್ದೇ ಮಾತಾಡತೀರಿ, ನಮ್ಮದೂ ಸ್ವಲ್ಪ ಕೇಳ್ರಿ. ಕರ್ನಾಟಕ ವಿಶ್ವವಿದ್ಯಾಲಯ ಶುರುವಾಗಿದ್ದು 1949ರಲ್ಲಿ, ಅದೂ ಮುಂಬೈಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ಡಿ.ಸಿ. ಪಾವಟೆಯವರು 1954ರಿಂದ 1967ರ ತನಕ ಕುಲಪತಿಯಾಗಿದ್ದರು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಆ ಕಲ್ಲಿನ ಕಟ್ಟಡ ನೋಡಿದರೆ ಇವತ್ತಿಗೂ ಎದೆ ತುಂಬಿ ಬರತದ. ಹದಿಮೂರು ವರ್ಷ ಒಬ್ಬರೇ ಇದ್ದದ್ದಕ್ಕೆ ಒಂದು ಯೋಚನೆ ಕೊನೆ ಮುಟ್ಟಿತು. ಈಗ 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಪ್ರಕಾರ ಕುಲಪತಿಗೆ ನಾಲ್ಕು ವರ್ಷ. ಅವರು ಹೋದ ಮೇಲೆ ಹೊಸಬರು ಬರುವ ತನಕ ಹಂಗಾಮಿ, ಹಂಗಾಮಿ ಇದ್ದಾಗ ದೊಡ್ಡ ತೀರ್ಮಾನ ಯಾವುದೂ ಆಗೋದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯದ್ದು ಇನ್ನೊಂದು ತರಹದ ಚಿಂತೆ. 1973ರಿಂದ ಇರುವ ಕ್ಯಾಂಪಸ್, ಸಾವಿರ ಎಕರೆ ಮೇಲೆ ಜಾಗ, ನಗರ ಅದರ ಸುತ್ತ ಬೆಳೆದು ನಿಂತಿದೆ. ಜಾಗದ ಮೇಲೆ ಎಲ್ಲರ ಕಣ್ಣು. ಮೇಷ್ಟ್ರು ಇಲ್ಲದ ಕ್ಯಾಂಪಸ್ಸಿನ ಜಾಗ ಉಳಿಸಲು ಯಾರು ನಿಲ್ಲತಾರೆ?

ಸಂಶೋಧನಾರ್ಥಿ

ಪಿಎಚ್.ಡಿ. ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು. ಯುಜಿಸಿಯ 2022ರ ನಿಯಮದ ಪ್ರಕಾರ ಮಾರ್ಗದರ್ಶಕರು ಕಾಯಂ ಶಿಕ್ಷಕರೇ ಆಗಿರಬೇಕು. ಪ್ರೊಫೆಸರ್ 8 ಜನರನ್ನು, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನು ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ನಿಯಮ ಒಳ್ಳೆಯದೇ. ಆದರೆ ಒಂದು ವಿಭಾಗದಲ್ಲಿ ಉಳಿದಿರುವ ಇಬ್ಬರೂ 60 ದಾಟಿದ್ದಾರೆ ಅಂದುಕೊಳ್ಳಿ. ಆ ವಿಭಾಗದಲ್ಲಿ ಪಿಎಚ್.ಡಿ. ಸೀಟು ಸೊನ್ನೆ. ಜೆ.ಆರ್.ಎಫ್. ಕೈಯಲ್ಲಿ ಹಿಡಿದುಕೊಂಡು ಗೈಡ್ ಸಿಗದೆ ಹೊರ ರಾಜ್ಯಕ್ಕೆ ಹೋದವರು ನನ್ನ ಜೊತೆಯಲ್ಲೇ ಇದ್ದಾರೆ. ಅತಿಥಿ ಮೇಡಂ ಅಂಥವರು ಪಿಎಚ್.ಡಿ. ಮಾಡಿದ್ದರೂ ಗೈಡ್ ಆಗಲು ಬರಲ್ಲ. ಹಾಗಾಗಿ ಹುದ್ದೆ ಒಂದು ಖಾಲಿ ಇದ್ದರೆ ಒಂದು ಸಂಬಳ ಉಳಿಯಿತು ಅಂತ ಲೆಕ್ಕ ಹಾಕುವವರು, ಅದರ ಜೊತೆ ನಾಲ್ಕೋ ಆರೋ ಎಂಟೋ ಮಂದಿ ಸಂಶೋಧಕರು ಇಲ್ಲವಾದರು ಅಂತಲೂ ಬರೆದುಕೊಳ್ಳಬೇಕು.

ಕಾಯಂ ಇರುವವರ ಸ್ಥಿತಿಯೂ ಹೇಳುತ್ತೇನೆ, ಅವರನ್ನು ಬೈಯಬೇಡಿ. ನನ್ನ ಗೈಡ್ ಒಬ್ಬರೇ ವಿಭಾಗದ ಅಧ್ಯಕ್ಷರು, ಹಾಸ್ಟೆಲ್ ವಾರ್ಡನ್, ನ್ಯಾಕ್ (ಗುಣಮಟ್ಟದ ಮೌಲ್ಯಮಾಪನ) ಸಮಿತಿ, ಪ್ರವೇಶ ಸಮಿತಿ. ನನ್ನ ಅಧ್ಯಾಯ ಓದಲು ಅವರಿಗೆ ರಾತ್ರಿ ಮಾತ್ರ ಬಿಡುವು.

ಮೊದಲ ತಲೆಮಾರು

ಸಿಲಬಸ್ ವಿಷಯವೂ ಅದರ ಮೇಲೆ ಬಂದು ಬೀಳುತ್ತದೆ. ಪದವಿಗೆ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ತಂದರು, ನಾಲ್ಕು ವರ್ಷ ಅಂದರು. 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷ. ಒಂದೇ ಕಾಲೇಜಿನಲ್ಲಿ ಎರಡು ನೀತಿಯ ಮಕ್ಕಳು, ಹಳೆ ಸ್ಕೀಮಿನ ರಿಪೀಟರ್‌ಗಳು ಬೇರೆ. ಪ್ರಶ್ನೆಪತ್ರಿಕೆ ತೆಗೆಯುವವರು, ಮೌಲ್ಯಮಾಪನ ಮಾಡುವವರು ಇರುವ ಕೆಲವೇ ಜನ. ಅದರ ಜೊತೆ ಯು.ಯು.ಸಿ.ಎಂ.ಎಸ್. ಅನ್ನುವ ಪೋರ್ಟಲಿನಲ್ಲಿ ಅಂಕ ತುಂಬುವುದು. ಫಲಿತಾಂಶ ತಡ ಆಗಿ ಎಷ್ಟು ಮಕ್ಕಳು ಬೇರೆ ಕಡೆ ಪಿ.ಜಿ. ಸೀಟು ಕಳೆದುಕೊಂಡರೋ. ಯಾವ ನೀತಿ ಸರಿ ಅಂತ ಇಲ್ಲಿ ಜಗಳ ಬೇಡ. ಯಾವ ನೀತಿ ತಂದರೂ ಅದನ್ನು ತರಗತಿಗೆ ಒಯ್ಯುವ ಮನುಷ್ಯ ಬೇಕಲ್ವಾ.

ಎಂ.ಎಸ್ಸಿ. ಎರಡನೇ ವರ್ಷ

ಹಾಗಾದರೆ ನೇಮಕಾತಿ ಯಾಕೆ ಆಗಲ್ಲ? ಯಾರಾದರೂ ಸರಳವಾಗಿ ಹೇಳಿ.

ನೇಮಕಾತಿ ಕಾಯುವವ

ಸರಳವಾಗಿ: ಹುದ್ದೆ ಮಂಜೂರಾಗಿದ್ದರೂ ತುಂಬಲು ಸರ್ಕಾರದ ಹಣಕಾಸು ಇಲಾಖೆ ಒಪ್ಪಬೇಕು. ಒಪ್ಪಿಗೆ ಬಂದಮೇಲೆ ರೋಸ್ಟರ್, ಅಂದರೆ ಯಾವ ಹುದ್ದೆ ಯಾವ ಮೀಸಲಾತಿಗೆ ಅನ್ನುವ ಪಟ್ಟಿ, ಮಾಡಬೇಕು. ಸಂವಿಧಾನದ 371ಜೆ ವಿಧಿ ಪ್ರಕಾರ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ ನೋಡಬೇಕು. ರೋಸ್ಟರ್ ತಪ್ಪಿದರೆ ಕೋರ್ಟು, ಕೋರ್ಟಿನಲ್ಲಿ ವರ್ಷಗಳು. ಅಷ್ಟರಲ್ಲಿ ಕುಲಪತಿ ಅವಧಿ ಮುಗಿಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವ ತನಕ ಹೊಸ ಅಧಿಸೂಚನೆ ಬೇಡ ಅಂತ ಸಂಪುಟ ಹೇಳಿತು. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ನಾನು ಅದರ ಪರ ಇದ್ದೇನೆ. ಅದರ ಮೇಲೆ ತಪ್ಪು ಹೊರಿಸುವವರನ್ನು ನಂಬಬೇಡ. ಹುದ್ದೆಗಳು ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಖಾಲಿ ಬಿದ್ದಿದ್ದವು. 2025ರ ಆಗಸ್ಟ್‌ನಲ್ಲಿ ಸಂಪುಟ ತೀರ್ಮಾನ ಮಾಡಿತು, ಆ ಕಾರಣವೂ ಇನ್ನು ಹೇಳುವ ಹಾಗಿಲ್ಲ.

ಗಂಗೋತ್ರಿ ಹಳಬ

ಇಷ್ಟು ಜನ ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಸುಮ್ನೆ ಮಾತಾಡಿ ಬಿಡುವುದು ಬೇಡ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ಪ್ರತಿ ವಿಶ್ವವಿದ್ಯಾಲಯಕ್ಕೂ ಒಬ್ಬೊಬ್ಬರು. ನಾನು ಮೈಸೂರಿಗೆ ಹಾಕುತ್ತೇನೆ. ವಿಭಾಗವಾರು ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಅತಿಥಿಗಳು ಎಷ್ಟು, ಅವರಿಗೆ ತಿಂಗಳಿಗೆ ಎಷ್ಟು, ಪಿಂಚಣಿಗೆ ವರ್ಷಕ್ಕೆ ಎಷ್ಟು ಹೋಗುತ್ತದೆ, ಸರ್ಕಾರದಿಂದ ಎಷ್ಟು ಬರುತ್ತದೆ ಅಂತ ಕೇಳೋಣ.

ಸಂಶೋಧನಾರ್ಥಿ

ಗೈಡ್ ಮಾನ್ಯತೆ ಇರುವವರು ಎಷ್ಟು ಜನ, ಅವರ ನಿವೃತ್ತಿ ಯಾವ ವರ್ಷ ಅನ್ನುವುದನ್ನೂ ಸೇರಿಸಿ ಸರ್.

ಲೆಕ್ಕಪತ್ರ

ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಹಾಕಬೇಡಿ, ವಾಪಸ್ ಬರುತ್ತದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಹುದ್ದೆಗೆ ಒಂದು, ಅತಿಥಿಗಳ ವೇತನಕ್ಕೆ ಒಂದು, ಪಿಂಚಣಿಗೆ ಒಂದು, ಗೈಡ್‌ಗಳಿಗೆ ಒಂದು ಅಂತ ನಾಲ್ಕು ಮಾಡಿ. 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮೊದಲ ಮೇಲ್ಮನವಿ. ಪಿಂಚಣಿಯ ಅರ್ಜಿ ನಾನು ಬರೆದುಕೊಡುತ್ತೇನೆ, ಯಾವ ಲೆಕ್ಕಶೀರ್ಷಿಕೆಯಲ್ಲಿ ಕೇಳಬೇಕು ಅಂತ ಗೊತ್ತು.

ಹಾಸನದ ಹುಡುಗಿ

ಹಾಸನಕ್ಕೆ ನಾನು ಹಾಕುತ್ತೇನೆ. ನಮೂನೆ ಇಲ್ಲಿ ಹಾಕಿ, ಸೋಮವಾರ ಕಳಿಸುತ್ತೇನೆ.

ಧಾರವಾಡ ಮಂದಿ

ಧಾರವಾಡದ್ದು ನನಗ ಬಿಡ್ರಿ.